ಮೂರನೇ ಗ್ಲಾಸಿನ ಘಾಟು

"ನುಂಗಬೇಡಿ. ಬಾಯಲ್ಲಿ ಒಂದು ಸುತ್ತು ತಿರುಗಿಸಿ ಚೊಂಬಿಗೆ ಉಗುಳಿ. ಆಮೇಲೆ ಬರೀರಿ. ಒಬ್ಬರ ಹಾಳೆ ಇನ್ನೊಬ್ಬರು ನೋಡೋ ಹಾಗಿಲ್ಲ."

ಇಷ್ಟು ಹೇಳಿ ಭಾನುಪ್ರಿಯಾ ಗೋಡೆಗೆ ಒರಗಿ ನಿಂತಳು. ಬೆಳಗಿನ ಹತ್ತು ಗಂಟೆ. ಕಿಟಕಿಯಾಚೆ ದ್ರಾಕ್ಷಿಯ ಸಾಲುಗಳು ಇಳಿಜಾರಿನಲ್ಲಿ ಕಾವೇರಿಯ ದಂಡೆಯವರೆಗೂ ಹೋಗಿದ್ದವು. ನಾಲಿಗೆ ಚುರುಕಾಗಿರುವ ಹೊತ್ತು ಇದೇ ಎಂದು ಅವಳಿಗೆ ಹೇಳಿಕೊಟ್ಟವನು ಶಶಿಕುಮಾರನೇ.

ಉದ್ದನೆಯ ಮೇಜಿಗೆ ಮೂವರು ಕೂತಿದ್ದರು. ಒಬ್ಬೊಬ್ಬರ ಮುಂದೆ ಮೂರು ಗ್ಲಾಸು. ಮೂರರಲ್ಲೂ ಶಾರ್ಡೊನೆ, ಇದೇ ತೋಟದ ಬಿಳಿ ದ್ರಾಕ್ಷಿಯ ವೈನು. ಗ್ಲಾಸಿನ ಬುಡಕ್ಕೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದವಳು ಭಾನುಪ್ರಿಯಾ. ಯಾವುದರಲ್ಲಿ ಏನಿದೆ ಎಂದು ಬಲ್ಲವಳೂ ಅವಳೊಬ್ಬಳೇ.

ಮೇಜಿನ ತುದಿಯಲ್ಲಿ ವೈನರಿಯ ಯಜಮಾನ ಶಶಿಕುಮಾರ್. ಅವನ ಪಕ್ಕದಲ್ಲಿ ಹೆಂಡತಿ ಅನುಶ್ರೀ. ಎದುರಿಗೆ, ಇಬ್ಬರಿಂದಲೂ ದೂರಕ್ಕೆ ಕುರ್ಚಿ ಎಳೆದುಕೊಂಡು ಕೂತವಳು ಲ್ಯಾಬು ನೋಡಿಕೊಳ್ಳುತ್ತಿದ್ದ ಮಾನಸಾ. ಹನ್ನೊಂದು ದಿನದ ಹಿಂದೆ ಪೀಪಾಯಿಗಳಿಡುವ ಕೋಣೆಯಲ್ಲಿ ಯಾರೋ ಪೀಪಾಯಿ ಶುದ್ಧ ಮಾಡಲು ಬಳಸುವ ಗಂಧಕದ ಗ್ಯಾಸು ಬಿಟ್ಟು ಹೊರಗಿನಿಂದ ಚಿಲಕ ಹಾಕಿದ್ದರು. ಒಳಗಿದ್ದ ಅನುಶ್ರೀ ಬದುಕಿದಳು, ಆದರೆ ವಾಸನೆ ಹಿಡಿಯುವ ಶಕ್ತಿ ಹೋಯಿತು ಎಂದಳು. ಅವಳು ಪೊಲೀಸರಿಗೆ ಬರೆದುಕೊಟ್ಟ ದೂರಿನಲ್ಲಿದ್ದ ಹೆಸರು ಮಾನಸಾಳದು.

"ಮೂಗು ಕಳಕೊಂಡೋಳನ್ನ ವೈನ್ ಪರೀಕ್ಷೆಗೆ ಕೂರಿಸ್ತಾ ಇದೀರಲ್ಲ ಮೇಡಂ, ಇದೇನು ಚೆಂದ?" ಎಂದ ಶಶಿಕುಮಾರ್.

"ನಾಲಿಗೆ ಇದೆಯಲ್ಲ. ಗೊತ್ತಾದಷ್ಟು ಬರೀಲಿ."

"ಇರಲಿ ಬಿಡಿ ರೀ, ಬರೀತೀನಿ," ಎಂದು ಅನುಶ್ರೀ ಪೆನ್ಸಿಲು ಎತ್ತಿಕೊಂಡಳು.

ವೈನ್ ಸ್ಪರ್ಧೆಯಲ್ಲಿ ಬಂಗಾರದ ಪದಕ ಬಂದದ್ದು ಈ ಶಾರ್ಡೊನೆಗೇ. ಕೊಣನೂರಿನ ಪಕ್ಕದಲ್ಲಿ ಹೊಗೆಸೊಪ್ಪು ಕಿತ್ತು ದ್ರಾಕ್ಷಿ ನೆಟ್ಟಾಗ ನಕ್ಕವರೆಲ್ಲ ಪದಕ ಬಂದ ಮೇಲೆ ಕಾರು ಮಾಡಿಕೊಂಡು ತೋಟ ನೋಡಲು ಬಂದರು. ಇಂಗ್ಲಿಷ್ ಪತ್ರಿಕೆಯೊಂದು ಅನುಶ್ರೀಗೆ 'ಚಿನ್ನದ ಮೂಗು' ಎಂದು ಹೆಸರಿಟ್ಟಿತು. ಗ್ಲಾಸಿಗೆ ಮೂಗಿಟ್ಟು ಕಣ್ಣು ಮುಚ್ಚಿದ ಅವಳ ಫೋಟೋಗೆ ಚೌಕಟ್ಟು ಹಾಕಿಸಿ ಈ ಕೋಣೆಯಲ್ಲೇ ತೂಗುಹಾಕಿದ್ದರು. ನಾಸಿಕ್ಕಿನಲ್ಲಿ ಎರಡು ವರ್ಷ ವೈನ್ ಮಾಡಲು ಕಲಿತು ಬಂದವನು ಶಶಿಕುಮಾರ್. ಫೋಟೋದಲ್ಲಿ ಅವನದು ಅರ್ಧ ಭುಜ ಮಾತ್ರ ಬಿದ್ದಿತ್ತು.

ಭಾನುಪ್ರಿಯಾಳನ್ನು ಹಾಸನದಿಂದ ಕರೆಸಿದವರು ಈ ಇಬ್ಬರಲ್ಲ, ಶಶಿಕುಮಾರನ ತಾಯಿ ಕಾಮಾಕ್ಷಮ್ಮ. ಭೂಮಿಯೆಲ್ಲ ಇನ್ನೂ ಆಕೆಯ ಹೆಸರಲ್ಲೇ ಇತ್ತು. ಮೊದಲ ದಿನ ಆಕೆ ಹೇಳಿದ್ದು ಒಂದೇ ಮಾತು. "ನಮ್ಮನೇಲಿ ಯಾರ್ಗೋ ಒಟ್ಟೆಉರಿ ಅದೆ ಕಣವ್ವ. ಅದು ಯಾರ್ಗೆ ಅಂತ ನೀನೇ ಕಂಡಿಡಿ."

ಹೊಟ್ಟೆಯುರಿಯನ್ನು ಕಂಡುಹಿಡಿಯುವುದು ಭಾನುಪ್ರಿಯಾಗೆ ಕಷ್ಟವಲ್ಲ. ಅಬಕಾರಿ ಇಲಾಖೆಯಲ್ಲಿ ಹದಿನಾಲ್ಕು ವರ್ಷ ಸಬ್ ಇನ್ಸ್‌ಪೆಕ್ಟರ್ ಆಗಿದ್ದು, ಈಗ ಸ್ವಂತವಾಗಿ ಪತ್ತೇದಾರಿ ಮಾಡುತ್ತಿದ್ದವಳು. ತಾನೇ ಕೆಲಸ ಕಲಿಸಿದ ಕಿರಿಯನೊಬ್ಬ ತನ್ನನ್ನು ದಾಟಿ ಬಡ್ತಿ ಪಡೆದ ದಿನ ಅವಳು ನಗುತ್ತಾ ಹಾರ ಹಾಕಿದ್ದಳು. ಅವತ್ತು ಸಂಜೆ ಮನೆಗೆ ಹೋಗಿ ಅನ್ನ ಕಲಸಿಕೊಂಡು ತಿನ್ನಲಾಗದೆ ಕೈ ತೊಳೆದಿದ್ದಳು. ಮುಖದ ಮೇಲೆ ನಗು ಹಾಗೇ ಇದ್ದು ಕಣ್ಣು ಮಾತ್ರ ಬೇರೆಡೆಗೆ ಹೋಗುವುದನ್ನು ಅವಳು ಕನ್ನಡಿಯಲ್ಲೇ ಕಂಡಿದ್ದಳು.

ಈಗ ಮೂವರನ್ನೂ ನೋಡುತ್ತಾ ನಿಂತಳು.

ಶಶಿಕುಮಾರ್ ಪುಸ್ತಕದಲ್ಲಿ ಬರೆದ ಹಾಗೆ ಮಾಡುತ್ತಿದ್ದ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ವಾಲಿಸಿ ಬಣ್ಣ ನೋಡಿದ. ತಿರುಗಿಸಿದ. ಮೂರು ಸಲ ಚಿಕ್ಕದಾಗಿ ಉಸಿರೆಳೆದ. ಬಾಯಿಗೆ ಹಾಕಿಕೊಂಡು ಸದ್ದು ಮಾಡಿ ಗಾಳಿ ಸೇರಿಸಿ ಉಗುಳಿದ. ತಕ್ಷಣ ಬರೆದ.

ಮಾನಸಾ ಗ್ಲಾಸನ್ನು ತಿರುಗಿಸಲೇ ಇಲ್ಲ. ಮೂಗಿನ ಹತ್ತಿರ ತಂದಳು, ಕೆಳಗಿಟ್ಟಳು, ಕಿಟಕಿಯಾಚೆ ನೋಡಿದಳು. ಏನೋ ಲೆಕ್ಕ ಹಾಕುವವಳ ಹಾಗೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮೂಸಿದಳು. ಎರಡನೇ ಗ್ಲಾಸನ್ನು ಬಾಯಿಗೆ ಹಚ್ಚದೆ ಪಕ್ಕಕ್ಕೆ ಸರಿಸಿದಳು. ಮೂರನೆಯದನ್ನು ಎತ್ತುತ್ತಿದ್ದ ಹಾಗೇ ತಲೆ ಹಿಂದಕ್ಕೆ ತೆಗೆದು ಕಣ್ಣು ಒರೆಸಿಕೊಂಡಳು.

ಅನುಶ್ರೀ ಮೂರನ್ನೂ ಒಂದೊಂದು ಗುಟುಕು ಬಾಯಿಗೆ ಹಾಕಿ ಉಗುಳಿದಳು. ಮೂಸುವ ಗೋಜಿಗೆ ಹೋಗಲಿಲ್ಲ.

"ಮೂಸಿಯೂ ನೋಡಿ," ಎಂದಳು ಭಾನುಪ್ರಿಯಾ. "ಮೂರನ್ನೂ. ಉದ್ದಕ್ಕೆ ಉಸಿರು ಎಳ್ಕೊಳ್ಳಿ."

ಅನುಶ್ರೀ ಎಳೆದುಕೊಂಡಳು. ಒಂದು. ಎರಡು. ಮೂರನೆಯದನ್ನು ಇನ್ನೂ ಉದ್ದಕ್ಕೆ. ಗ್ಲಾಸು ಕೆಳಗಿಟ್ಟಾಗ ಅವಳ ಮುಖ ಗೋಡೆಯ ಫೋಟೋದಷ್ಟೇ ಶಾಂತವಾಗಿತ್ತು.

ಅದೇ ಗ್ಲಾಸಿಗೆ ಶಶಿಕುಮಾರ್ ಕೆಮ್ಮಿದ್ದ.

ಭಾನುಪ್ರಿಯಾ ಹಾಳೆಗಳನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದಳು. ಮೊದಲು ಶಶಿಕುಮಾರನದು.

"ಒಂದನೇದು. ಎಳೆ ಹೊಂಬಣ್ಣ, ಹಸಿ ಸೇಬು, ಅನಾನಸು, ಕಾಯಿಸಿದ ಬೆಣ್ಣೆ. ಇಪ್ಪತ್ತಕ್ಕೆ ಹದಿನಾರು. ಎರಡನೇದು. ಸ್ವಲ್ಪ ಮಂಕು, ಆದರೂ ಗಾಂಭೀರ್ಯ ಇದೆ. ಹದಿನೈದು. ಮೂರನೇದು. ಇನ್ನೂ ಎಳೆಯದು, ಒರಟು. ಹನ್ನೆರಡು."

ಮಾನಸಾಳ ಹಾಳೆಯಲ್ಲಿ ಸಣ್ಣ ಅಕ್ಷರದ ಮೂರೇ ಸಾಲು.

"ಒಂದು. ಏಳನೇ ಪೀಪಾಯಿಯದು ಮುಕ್ಕಾಲು ಪಾಲು, ನಾಲ್ಕನೇದು ಕಾಲು ಪಾಲು. ಮೊದಲು ಗಜನಿಂಬೆ ಸಿಪ್ಪೆ, ಆಮೇಲೆ ತುಪ್ಪ ಕಾಯಿಸಿದ ವಾಸನೆ, ರುಚಿ ತುಂಬ ಹೊತ್ತು ಬಾಯಲ್ಲಿ ಉಳಿಯುತ್ತೆ. ಹದಿನೆಂಟು. ಎರಡು. ಬಿರಡೆ ಕೆಟ್ಟಿದೆ. ನೆನೆದ ಗೋಣಿಚೀಲದ ವಾಸನೆ. ಚೆಲ್ಲಬೇಕು. ಮೂರು. ಒಂದನೇದೇ ವೈನು. ಗಂಧಕದ ಪುಡಿ ಹೆಚ್ಚಿಗೆ ಬೆರೆಸಿದ್ದಾರೆ."

"ಮೂರೂ ಸರಿ," ಎಂದಳು ಭಾನುಪ್ರಿಯಾ. "ಎರಡನೇದು ನೀವೇ ಹೋದ ತಿಂಗಳು ಕೆಟ್ಟಿದೆ ಅಂತ ಬೇರೆ ಇಡಿಸಿದ್ದ ಬಾಟ್ಲಿ ಮಾನಸಾ. ಮೂರನೇದಕ್ಕೆ ಪುಡಿ ಹಾಕಿದ್ದು ನಾನು."

ಶಶಿಕುಮಾರ್ ಎರಡನೇ ಗ್ಲಾಸನ್ನು ಮತ್ತೆ ಎತ್ತಿ ಮೂಸಿದ. ಇನ್ನೊಮ್ಮೆ ಮೂಸಿದ. ಕಿವಿಯ ತುದಿ ಕೆಂಪಾಯಿತು. "ಹೌದು, ಗೋಣಿಚೀಲ," ಎಂದು ನಕ್ಕ. ನಗು ಹಾಗೇ ಇತ್ತು. ಕಣ್ಣು ಮಾತ್ರ ಮೇಜಿನ ಮೇಲೆ ಅತ್ತಿತ್ತ ಓಡಾಡಿ, ಮಾನಸಾಳನ್ನು ಹಾಯ್ದು, ಹೆಂಡತಿಯ ಮೇಲೆ ನಿಂತಿತು.

ಇವನಿಗೆ ಹೆಂಡತಿಯ ಮೇಲೆ ಇನ್ನೂ ಉರಿ ಆರಿಲ್ಲ ಎಂದು ಭಾನುಪ್ರಿಯಾ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಅನುಶ್ರೀಯ ಹಾಳೆಯಲ್ಲಿ ಮೂರು ಸಲ ಒಂದೇ ಶಬ್ದ ಇತ್ತು. ಹುಳಿ. ಹುಳಿ. ಹುಳಿ. ಕೆಳಗೆ, 'ಯಾವುದೂ ಬೇರೆ ಅನ್ನಿಸಲಿಲ್ಲ' ಎಂದು ಬರೆದು ಅಡಿಗೆರೆ ಎಳೆದಿದ್ದಳು.

ಮಾನಸಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. "ನಾನು ಹೊರಡ್ಲಾ ಮೇಡಂ? ಹೊಳೆನರಸೀಪುರದ ಬಸ್ಸು ತಪ್ಪಿದ್ರೆ ಚನ್ನರಾಯಪಟ್ಟಣ ಸೇರೋಕೆ ಸಂಜೆ ಆಗ್ಬಿಡುತ್ತೆ. ಅಮ್ಮ ಕಾಯ್ತಿರ್ತಾರೆ." ಈ ಮನೆಯವರ ಮುಂದೆ ಕೂರಲು ಅವಳು ಒಪ್ಪಿದ್ದೇ ದೊಡ್ಡದು. ಬೆಳಿಗ್ಗೆ ಬಂದಾಗಿನಿಂದ ಅವಳು ಯಾರ ಕಣ್ಣನ್ನೂ ನೋಡಿರಲಿಲ್ಲ.

"ಬಸ್ ಸ್ಟ್ಯಾಂಡಿಗೆ ನಾನು ಬಿಡ್ತೀನಿ ಬನ್ನಿ," ಎಂದ ಶಶಿಕುಮಾರ್. "ಕೊಣನೂರಿಗೆ ಹೋಗೋದಿದೆ ನಂಗೂ."

ಮಾನಸಾ ಭಾನುಪ್ರಿಯಾಳತ್ತ ನೋಡಿದಳು. ಭಾನುಪ್ರಿಯಾಳ ಗಮನವೆಲ್ಲ ಅನುಶ್ರೀಯ ಹಾಳೆಯಲ್ಲಿತ್ತು. ತಲೆಯಾಡಿಸಿ, ಹೋಗಿ ಬನ್ನಿ ಎಂದುಬಿಟ್ಟಳು.

ಹೊರಗೆ ಜೀಪು ಹೊರಟ ಸದ್ದು ಕೇಳಿತು.

*

ಭಾನುಪ್ರಿಯಾ ಬಾಗಿಲು ಮುಂದೆ ಮಾಡಿ ಬಂದು ಅನುಶ್ರೀಯ ಎದುರಿಗೆ ಕೂತಳು. ಮೂರನೇ ಗ್ಲಾಸನ್ನು ಅವಳ ಮುಂದಕ್ಕೆ ತಳ್ಳಿದಳು.

"ಇನ್ನೊಂದ್ಸಲ ಮೂಸಿ."

"ಎಷ್ಟು ಸಲ ಮೂಸಿದ್ರೂ ಅಷ್ಟೇ ಮೇಡಂ. ನೀರು ಮೂಸಿದ ಹಾಗೆ."

"ವಾಸನೆ ಬೇಡ. ಘಾಟು? ಮೂಗು ಚುರುಗುಟ್ಟುತ್ತಾ?"

"ಏನೂ ಇಲ್ಲ."

"ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೋಕೇನಿದೆ? ಸತ್ತ ಮೂಗಿಗೆ ಘಾಟು ಎಲ್ಲಿಂದ ಬರಬೇಕು?"

ಭಾನುಪ್ರಿಯಾ ಗ್ಲಾಸನ್ನು ತನ್ನ ಕಡೆಗೆ ಎಳೆದುಕೊಂಡಳು. "ಮೊನ್ನೆ ನಿಮ್ಮತ್ತೆ ನನ್ನ ಹತ್ರ ಅತ್ತರು. ಖಾರದ ಪುಡಿಗೆ ಮೆಣಸಿನಕಾಯಿ ಹುರೀತಾ ಇದ್ರಂತೆ. ಮನೆಯವರೆಲ್ಲ ಕೆಮ್ಮಿಕೊಂಡು ಆಚೆಗೆ ಓಡಿದ್ರಂತೆ. 'ನನ್ ಸೊಸೆ ಮಾತ್ರ ಒಲೆ ಪಕ್ದಲ್ಲಿ ಸುಮ್ಕೆ ಕೂತಿದ್ಲು ಕಣವ್ವ, ಅಷ್ಟು ಕೆಟ್ಟೋಗದೆ ಅವಳ ಮೂಗು' ಅಂದ್ರು. ನನಗೂ ಪಾಪ ಅನ್ನಿಸ್ತು. ಹಾಸನದಲ್ಲಿ ಮೂಗಿನ ಡಾಕ್ಟರ ಹತ್ತಿರ ಹೋಗಿ, ಇಂಥೋರಿಗೆ ಏನಾದ್ರೂ ಔಷಧಿ ಇದೆಯಾ ಅಂತ ಕೇಳಿದೆ. ಡಾಕ್ಟರು ಔಷಧಿ ಹೇಳಲಿಲ್ಲ. ನಕ್ಕರು."

ಅನುಶ್ರೀ ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

"ವಾಸನೆಯ ನರ ಬೇರೆ, ಘಾಟಿನ ನರ ಬೇರೆ ಅಂತೆ. ಮೊದಲನೇದು ಸತ್ತರೂ ಎರಡನೇದು ಬದುಕಿರುತ್ತೆ. ಮೂಗು ನಿಜವಾಗಿ ಹೋದೋರಿಗೆ ಮಲ್ಲಿಗೆ ಗೊತ್ತಾಗಲ್ಲ, ಕಾಫಿ ಗೊತ್ತಾಗಲ್ಲ. ಆದ್ರೆ ಮೆಣಸಿನಕಾಯಿ ಘಾಟಿಗೆ ಅವರೂ ನಮ್ಮ ಹಾಗೇ ಕೆಮ್ತಾರೆ. ಈ ಗಂಧಕಕ್ಕೆ ಅವರ ಕಣ್ಣಲ್ಲೂ ನೀರು ಬರುತ್ತೆ. ಅದನ್ನೂ ತಡ್ಕೊಂಡು ಏನೂ ಆಗಲಿಲ್ಲ ಅನ್ನೋರು ಒಬ್ಬರೇ. ಮೂಗು ಹೋಗದೆ ಹೋಗಿದೆ ಅನ್ನೋರು."

ಅನುಶ್ರೀ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಷ್ಟು ಹೊತ್ತು ಹಿಡಿದಿಟ್ಟಿದ್ದ ಕೆಮ್ಮು ಒಮ್ಮೆಲೇ ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಇಳಿಯಿತು. ಭಾನುಪ್ರಿಯಾ ಎದ್ದು ನೀರು ತಂದುಕೊಟ್ಟಳು.

"ಒಲೆ ಪಕ್ಕ ಕೂತಿದ್ದು ತುಂಬ ಕಷ್ಟ ಆಯ್ತು," ಎಂದಳು ಅನುಶ್ರೀ. "ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ."

"ಯಾಕೆ?"

"ಪದಕ ಬಂದ ವೈನು ನಂದಲ್ಲ."

ಅವಳು ಗೋಡೆಯ ಫೋಟೋ ಕಡೆಗೆ ಬೆನ್ನು ಮಾಡಿ ಕೂತಳು.

"ಹನ್ನೊಂದು ಪೀಪಾಯಿ ಇದ್ವು. ನಾನೊಂದು ಮಿಶ್ರಣ ಮಾಡಿದೆ, ಮಾನಸಾ ಒಂದು ಮಾಡಿದ್ಲು. ಸ್ಪರ್ಧೆಗೆ ಕಳಿಸಿದ್ದು ಅವಳದ್ದು. ಅರ್ಜೀಲಿ ಹಾಕಿದ್ದು ನನ್ನ ಹೆಸರು. ಆಗ ಅದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ವೈನರಿ ನಮ್ಮದು, ಅವಳು ಕೆಲಸಕ್ಕೆ ಬರೋಳು. ಪದಕ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಅವಳು ಕೇಳಲಿಲ್ವಾ?"

"ಒಂದು ಮಾತೂ ಇಲ್ಲ. ಕೇಳಿದ್ರೆ ಜಗಳ ಆಡಿ ಮುಗಿಸ್ಬಿಡ್ತಿದ್ದೆ. ಚನ್ನರಾಯಪಟ್ಟಣದಿಂದ ಒಂದು ಡಬ್ಬಿ ಮೈಸೂರುಪಾಕು ತಂದು, ಕಂಗ್ರಾಜುಲೇಷನ್ಸ್ ಮೇಡಂ ಅಂತ ನನ್ನ ಕೈಗಿಟ್ಳು. ಅವತ್ತಿಂದ ನನಗೆ ಅವಳನ್ನ ಕಂಡ್ರೆ ಆಗ್ತಿರಲಿಲ್ಲ." ಅನುಶ್ರೀ ನೀರು ಕುಡಿದಳು. "ನನಗೂ ಮೂಗಿದೆ ಮೇಡಂ. ಎಲ್ಲರ ಹಾಗೆ ಇದೆ. ಅವಳು ಗ್ಲಾಸು ಹತ್ತಿರ ತಂದ್ರೆ ಸಾಕು, ಈ ದ್ರಾಕ್ಷಿ ಹೊಳೆ ಕಡೆ ಸಾಲಿನದು, ಇದು ಮೇಲಿನ ಸಾಲಿನದು ಅಂತಾಳೆ. ನಾನು ಅವಳು ಹೋದ ಮೇಲೆ ಅದೇ ಗ್ಲಾಸು ಎತ್ಕೊಂಡು ಅರ್ಧ ಗಂಟೆ ಮೂಸ್ತೀನಿ. ಏನೂ ಸಿಗಲ್ಲ. ಜನ ಬಂದು ನನ್ನ ಜೊತೆ ಫೋಟೋ ತೆಗೆಸ್ಕೊಳ್ತಾರೆ. ಅವಳು ಬಾಟ್ಲಿ ತೊಳೀತಾ ನಿಂತಿರ್ತಾಳೆ. ನನಗೆ ನಾಚಿಕೆ ಆಗ್ಬೇಕಿತ್ತು. ಅದರ ಬದಲು ಅವಳ ಮೇಲೆ ಸಿಟ್ಟು ಬರ್ತಿತ್ತು. ಯಾಕೆ ಹುಟ್ಟಿದ್ಲು ಇವಳು ಇಂಥ ಮೂಗು ಇಟ್ಕೊಂಡು ಅಂತ."

"ಈ ಭಾನುವಾರ ನಿಮ್ಮ ವೈನು ಕೊಳ್ಳೋ ಹೋಟೆಲಿನೋರು ಬರ್ತಿದ್ದಾರಲ್ಲ."

"ಅದೇ. ಕ್ಯಾಮೆರಾ ಮುಂದೆ ಹನ್ನೆರಡು ಗ್ಲಾಸು ಇಟ್ಟು, ಹೆಸರು ಮುಚ್ಚಿ, ನನ್ನ ಕೈಲಿ ಹೇಳಿಸ್ಬೇಕು ಅಂತ ಅವರ ಆಸೆ. ಎರಡನೇ ಗ್ಲಾಸಿಗೇ ನನ್ನ ಬಣ್ಣ ಬಯಲಾಗ್ತಿತ್ತು. ಮೂಗೇ ಇಲ್ಲ ಅಂದ್ರೆ ಯಾರೂ ಪರೀಕ್ಷೆ ಮಾಡಲ್ಲ. ಇದ್ದಾಗ ಚಿನ್ನದ ಹಾಗಿತ್ತು ಅಂತ ಹೆಸರೂ ಉಳಿಯುತ್ತೆ."

"ಮಾನಸಾಳ ಹೆಸರು ಯಾಕೆ ಕೊಟ್ರಿ?"

ಅನುಶ್ರೀ ನೀರಿನ ಲೋಟವನ್ನು ದೂರ ಸರಿಸಿದಳು.

ಭಾನುಪ್ರಿಯಾಗೆ ಅವಳ ಮೇಲೆ ಕೋಪ ಬರಬೇಕಿತ್ತು. ಬಂದದ್ದು ತನ್ನ ಹಳೆಯ ಕಲಸಿದ ಅನ್ನದ ತಟ್ಟೆಯ ನೆನಪು. ಅದನ್ನು ಪಕ್ಕಕ್ಕೆ ಸರಿಸಿ ಮುಂದಿನ ಪ್ರಶ್ನೆ ಕೇಳಿದಳು.

"ನಿಮ್ಮ ಯಜಮಾನರಿಗೆ ಇದು ಗೊತ್ತಾ? ಪದಕ ಯಾರದ್ದು ಅಂತ?"

"ಒಂದೂವರೆ ತಿಂಗಳ ಕೆಳಗೆ ಗೊತ್ತಾಯ್ತು. ಲ್ಯಾಬಲ್ಲಿ ಮಾನಸಾಳ ನೋಟ್‌ಬುಕ್ ಸಿಕ್ಕಿತ್ತು, ಮಿಶ್ರಣದ ಅಳತೆ ಎಲ್ಲಾ ಅವಳ ಕೈಬರಹದಲ್ಲಿತ್ತು. ನನ್ನ ಮೇಲೆ ರೇಗಾಡ್ತಾರೆ ಅಂದ್ಕೊಂಡೆ. ಏನೂ ಅನ್ನಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಷ್ಟೆ. ಆಮೇಲಿಂದ ನನ್ನ ಜೊತೆ ಚೆನ್ನಾಗೇ ಇದಾರೆ. ಮೊದಲು ಪೇಪರಿನೋರು ಬಂದು ಹೋದ ದಿನ ನನ್ನ ಹತ್ರ ಮಾತೇ ಆಡ್ತಿರಲಿಲ್ಲ. ಈಗ ಮದುವೆ ಆದ ಹೊಸದರಲ್ಲೂ ಇಷ್ಟು ಚೆನ್ನಾಗಿರಲಿಲ್ಲ."

ಭಾನುಪ್ರಿಯಾ ತಲೆ ಎತ್ತಿದಳು. ಮೇಜಿನ ಮೇಲೆ ಓಡಾಡಿದ ಆ ಕಣ್ಣು ನೆನಪಾಯಿತು. ಹೆಂಡತಿಯ ಮೇಲೆ ಬಂದು ನಿಂತಿತ್ತು, ನಿಜ. ಅದಕ್ಕೆ ಮೊದಲು ಯಾರನ್ನು ನೋಡಲಾರದೆ ಹಾಯ್ದು ಬಂದಿತ್ತು?

"ಗ್ಯಾಸು ಬಿಟ್ಟವರು ಯಾರು ಅನುಶ್ರೀ? ನೀವೇನಾ?"

"ಇಲ್ಲ."

"ಇಷ್ಟೆಲ್ಲ ಸುಳ್ಳು ಹೇಳಿದ ಮೇಲೆ ಇದನ್ನ ನಾನು ಹೇಗೆ ನಂಬಲಿ?"

"ನಂಬದಿದ್ರೆ ಬಿಡಿ. ಆದ್ರೆ ಆ ಹತ್ತು ನಿಮಿಷ ನಾನು ಮರೆಯಲ್ಲ." ಅವಳ ಸ್ವರ ಇಳಿಯಿತು. "ಆ ಪೀಪಾಯಿ ಕೋಣೆ ಹಳೇ ಹೊಗೆಸೊಪ್ಪಿನ ಬ್ಯಾರನ್ನು, ನೋಡಿದ್ದೀರಲ್ಲ. ಸೊಪ್ಪು ಬೇಯಿಸ್ತಿದ್ದ ಕಾಲದ ಗವಾಕ್ಷಿ ಚಾವಣಿ ಹತ್ತಿರ ಹಾಗೇ ಇದೆ. ನಾನು ಏಳನೇ ಪೀಪಾಯಿ ಹತ್ರ ಕೂತಿದ್ದೆ. ಚಿಲಕ ಬಿದ್ದ ಸದ್ದು ಆಯ್ತು. ಹಿಂದೇನೇ ಬುಸ್ ಅಂತ ಸಿಲಿಂಡರು. ಆ ಗ್ಯಾಸು ನೆಲದ ಮೇಲೆ ಹರಡುತ್ತೆ, ಭಾರ ಜಾಸ್ತಿ. ಇವರೇ ಹೇಳಿಕೊಟ್ಟಿದ್ದು ನಂಗೆ. ಪೀಪಾಯಿ ಮೇಲೆ ಪೀಪಾಯಿ ಹತ್ತಿ ಗವಾಕ್ಷಿಗೆ ಮುಖ ಕೊಟ್ಟು ಕೂಗಿದೆ. ತೋಟದ ಕಾವಲಿನ ಮಂಚಯ್ಯ ಬಂದು ಚಿಲಕ ತೆಗೆಯೋ ಹೊತ್ತಿಗೆ ಕೆಳಗಿಳಿದು ಬಾಗಿಲ ಹತ್ರ ಬಿದ್ಕೊಂಡೆ. ಮೂಗಿನ ಯೋಚನೆ ಬಂದಿದ್ದು ಆಸ್ಪತ್ರೇಲಿ, ಮಾರನೇ ದಿನ."

"ಸಿಲಿಂಡರು ಒಳಗಿತ್ತಾ?"

"ಹೊರಗೆ. ಪೈಪು ಮಾತ್ರ ಒಳಗೆ ಬರುತ್ತೆ. ತಿರುಗಿಸಿದೋರು ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ."

"ಅವತ್ತು ಆರು ಗಂಟೇಲಿ ನೀವು ಅಲ್ಲಿಗೆ ಯಾಕೆ ಹೋಗಿದ್ರಿ?"

ಅನುಶ್ರೀ ಸುತ್ತ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಅಲ್ಲಿಗೆ ಹೋಗಬೇಕಾಗಿದ್ದೋಳು ನಾನಲ್ಲ ಮೇಡಂ. ಮಾನಸಾ. ಆರು ಗಂಟೆಗೆ ಹೋಗಿ ಏಳನೇ ಪೀಪಾಯಿಯಿಂದ ಒಂದು ಸೀಸೆ ತೆಗೆದಿಡು ಅಂತ ಮಧ್ಯಾಹ್ನ ಅವಳಿಗೆ ಹೇಳ್ತಿದ್ದದ್ದು ಕೇಳಿಸ್ಕೊಂಡೆ. ಹೋಟೆಲಿನೋರು ಬರೋದ್ರೊಳಗೆ ಆ ವಾಸನೆ ಒಂದನ್ನಾದ್ರೂ ಬಾಯಿಪಾಠ ಮಾಡ್ಕೊಳ್ಳೋಣ ಅಂತ ಅವಳಿಗಿಂತ ಕಾಲು ಗಂಟೆ ಮುಂಚೆ ಕದ್ದು ಹೋದೆ. ಒಳಗೆ ದೀಪ ಹಚ್ಚಿದ್ದೆ. ಹೊರಗಿನಿಂದ ನೋಡಿದೋರಿಗೆ ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ. ಯಾರು ಅಂತ ಗೊತ್ತಾಗಲ್ಲ."

"ಇದನ್ನ ಮಾನಸಾ ನನಗೆ ಹೇಳಲಿಲ್ಲ."

"ಹೇಗೆ ಹೇಳ್ತಾಳೆ? ಆ ಹೊತ್ತಿಗೆ ಅಲ್ಲಿಗೆ ಹೊರಟಿದ್ದೆ ಅಂದ್ರೆ ಗ್ಯಾಸು ಬಿಟ್ಟೋಳೂ ಅವಳೇ ಅಂತಾರೆ. ನಾನು ಅಷ್ಟು ಚೆನ್ನಾಗಿ ಬರೆದುಕೊಟ್ಟಿದ್ದೀನಿ ದೂರು."

"ಮಾನಸಾಗೆ ಹೋಗು ಅಂತ ಹೇಳಿದ್ದು ಯಾರು?"

"ಅತ್ತೆ," ಎಂದಳು ಅನುಶ್ರೀ.

*

ಕಾಮಾಕ್ಷಮ್ಮ ತೋಟದ ಗೇಟಿನ ಹತ್ತಿರ ನಿಂತಿದ್ದರು. ಜೀಪು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಆಕೆ ಇನ್ನೂ ರಸ್ತೆಯನ್ನೇ ನೋಡುತ್ತಿದ್ದರು. ತಲೆಯ ಮೇಲೆ ಹೊದ್ದ ಸೆರಗು ಬಿಸಿಲಿಗೆ ಜಾರಿತ್ತು.

ಭಾನುಪ್ರಿಯಾ ಬೇಗ ಬೇಗ ನಡೆದು ಬಂದಳು. ಕರೆಸಿದವರೇ ತನ್ನನ್ನು ಇಷ್ಟು ದಿನ ಆಟ ಆಡಿಸಿದರೇ ಎಂಬ ಸಿಟ್ಟು ಅವಳ ಹೆಜ್ಜೆಯಲ್ಲಿತ್ತು.

"ಅಮ್ಮಾ, ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬಾರದು. ಅವತ್ತು ಸಾಯಂಕಾಲ ಆರು ಗಂಟೆಗೆ ಬ್ಯಾರನ್‌ಗೆ ಹೋಗು ಅಂತ ಮಾನಸಾಗೆ ಹೇಳಿದ್ದು ನೀವಾ?"

ಕಾಮಾಕ್ಷಮ್ಮ ತಿರುಗಲಿಲ್ಲ.

"ಊಂ ಕಣವ್ವ. ನಾನೇ ಏಳಿದ್ದು."

"ಯಾಕೆ? ಪೀಪಾಯಿ, ಸೀಸೆ, ಇದೆಲ್ಲ ನಿಮಗೆ ಸಂಬಂಧಪಟ್ಟದ್ದಲ್ಲವಲ್ಲ. ನೀವು ಆ ಬ್ಯಾರನ್ ಒಳಗೆ ಕಾಲಿಟ್ಟೇ ಮೂರು ವರ್ಷ ಆಯ್ತು ಅಂತ ನೀವೇ ಹೇಳಿದ್ರಿ."

"ಔದು. ಆ ನಾತ ನಂಗಾಗಾಕಿಲ್ಲ."

"ಮತ್ತೆ?"

ಮುದುಕಿ ಈಗ ತಿರುಗಿದರು. ಅಳು ಬಂದು ಹೋದ ಗುರುತಿರಲಿಲ್ಲ. ಬಹಳ ದಿನದಿಂದ ನಿದ್ದೆ ಮಾಡದ ಗುರುತಿತ್ತು.

"ಉಣ್ಣಾಕ್ ಕುಂತಿದ್ದ. ಎರಡು ತುತ್ತು ಬಾಯಿಗಾಕ್ಕಂಡು, 'ಅವ್ವಾ, ಮಾನಸನ್ನ ಆರ್ ಗಂಟ್ಗೆ ಬ್ಯಾರನ್ಗೆ ಕಳ್ಸು, ಏಳನೇ ಪೀಪಾಯಿದು ಒಂದ್ ಸೀಸೆ ತಗ್ದಿಡ್ಲಿ. ನಾ ಏಳ್ದೆ ಅನ್ಬ್ಯಾಡ, ನೀನೇ ಏಳ್ದಂಗೆ ಏಳು' ಅಂದ. ಯಾಕ್ಲಾ ಅಂದೆ. ಆ ಉಡುಗಿಗೆ ನನ್ ಮಾತು ಕೇಳಕ್ಕೆ ಇಷ್ಟ ಇಲ್ಲ ಕಣವ್ವ ಅಂದ. ಆಟೇ. ನಾನೂ ಅಂಗೇ ಏಳ್ಬುಟ್ಟೆ."

"ಶಶಿಕುಮಾರ್ ಹೇಳಿದ್ರಾ?"

"ನನ್ ಮಗ."

"ಇದನ್ನ ಮೊದಲ ದಿನವೇ ಯಾಕೆ ಹೇಳಲಿಲ್ಲ ಅಮ್ಮಾ?"

"ಎತ್ತೋಳ ಬಾಯಲ್ಲಿ ಎಂಗವ್ವ ಏಳ್ಲಿ? ಅನ್ನೊಂದು ದಿನ ಬಾಯ್ ತೆಗ್ಯಕ್ಕೋಗೋದು, ಮುಚ್ಚೋದು. ಪೋಲೀಸ್ನೋರು ಬಂದ್ರು, ಏಳಕ್ಕಾಗ್ನಿಲ್ಲ. ನೀನ್ ಬಂದೆ, ಏಳಕ್ಕಾಗ್ನಿಲ್ಲ." ಆಕೆ ಭಾನುಪ್ರಿಯಾಳ ಮುಂಗೈ ಹಿಡಿದುಕೊಂಡರು. ಹಿಡಿತ ಗಟ್ಟಿಯಾಗಿತ್ತು. "ಅದ್ಕೇ ಕಣವ್ವ ನಿನ್ನ ಕರ್ಸಿದ್ದು. ನೀನೇ ಕಂಡಿಡೀಲಿ ಅಂತ. ನಾ ಏಳ್ದಂಗಾಗ್ಬಾರ್ದು, ಆದ್ರೂ ಗೊತ್ತಾಗ್ಬೇಕು ಅಂತ."

"ಅವರಿಗೆ ಮಾನಸಾ ಮೇಲೆ ಏನು ದ್ವೇಷ?"

"ದ್ವೇಸ ಅಲ್ಲ. ಎಂಡ್ರು ತನಗಿಂತ ಮ್ಯಾಲೆ ಅಂದ್ರೆ ಉರ್ಕಳೋನು, ಉರ್ಕಂಡು ಸುಮ್ಕಾಗೋನು. ಎಂಡ್ರಲ್ವಾ. ಇವಳು ಕೂಲಿಗ್ ಬರೋಳು. ಇವಳ್ಗೆ ಕೆಲ್ಸ ಕಲ್ಸಿದ್ದೇ ಅವನು. ಆ ನೋಟ್‌ಬುಕ್ ಸಿಕ್ಕಿದ್ ದಿನ ನನ್ ಮಗ ಕೊಟ್ಟಿಗೇಲಿ ಕುಂತ್ಕಂಡು ಅತ್ತ ಕಣವ್ವ. ಚಿಕ್ಕೋನಾಗಿದ್ದಾಗ್ಲೂ ಅಂಗೆ ಅತ್ತೋನಲ್ಲ."

ಭಾನುಪ್ರಿಯಾ ರಸ್ತೆಯ ಕಡೆ ನೋಡಿದಳು. ಧೂಳು ಕೂಡ ಅಡಗಿಹೋಗಿತ್ತು. ಬೆಳಿಗ್ಗೆ ಮೇಜಿನ ಮೇಲೆ ಮೂರು ಗ್ಲಾಸು ಇಟ್ಟವಳು ಅವಳೇ. ಅವನ ಎದುರಿಗೇ ಆ ಹುಡುಗಿಯ ಹಾಳೆಯನ್ನು ಗಟ್ಟಿಯಾಗಿ ಓದಿದವಳು ಅವಳೇ. ಮೂರೂ ಸರಿ ಎಂದವಳೂ ಅವಳೇ. ಆಮೇಲೆ ಹೋಗಿ ಬನ್ನಿ ಎಂದು ತಲೆಯಾಡಿಸಿದ್ದಳು.

"ಎಷ್ಟು ದೂರ ಬಸ್ ಸ್ಟ್ಯಾಂಡು?"

"ಗಾಡೀಲಿ ಎಂಟು ನಿಮಿಸ. ಆದ್ರೆ ಅವ್ನು," ಕಾಮಾಕ್ಷಮ್ಮ ಕೈ ಎತ್ತಿ ತೋರಿಸಿದರು, "ಕ್ವಾಣನೂರ್ ಕಡೀಕ್ ತಿರುಗ್ನಿಲ್ಲ ಕಣವ್ವ. ಎಡಕ್ಕೋದ."

ಎಡಕ್ಕೆ, ಹೊಳೆಯ ಕಡೆಗೆ ಹೋಗುವ ಮಣ್ಣಿನ ದಾರಿ ಇಳಿಜಾರಿನಲ್ಲಿ ಮರಗಳ ನಡುವೆ ಮರೆಯಾಗಿತ್ತು.

ಭಾನುಪ್ರಿಯಾ ಮೊಬೈಲು ತೆಗೆದು ಮಾನಸಾಳ ನಂಬರು ಒತ್ತಿದಳು. ಒಂದು ಸಲ ಪೂರ್ತಿ ಹೊಡೆದುಕೊಂಡು ನಿಂತಿತು. ಕಾರಿನ ಕಡೆಗೆ ಓಡುತ್ತಾ ಇನ್ನೊಮ್ಮೆ ಒತ್ತಿದಳು. ನಾಲ್ಕನೇ ರಿಂಗಿಗೆ ಯಾರೋ ಎತ್ತಿದರು.

"ಹಲೋ, ಮಾನಸಾ?"

"ಹೇಳಿ ಮೇಡಂ," ಎಂದ ಶಶಿಕುಮಾರ್. ಅವನ ಸ್ವರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ಎನ್ನುವಾಗ ಇದ್ದಷ್ಟೇ ವಿನಯದಿಂದ ಕೂಡಿತ್ತು.

"ಫೋನು ಮಾನಸಾಗೆ ಕೊಡಿ."

ಆ ಕಡೆ ಜೀಪಿನ ಸದ್ದಿರಲಿಲ್ಲ, ಬಸ್ ಸ್ಟ್ಯಾಂಡಿನ ಗದ್ದಲವೂ ಇರಲಿಲ್ಲ. ಹತ್ತಿರದಲ್ಲೆಲ್ಲೋ ನೀರು ಹರಿಯುತ್ತಿತ್ತು.

"ಮಲಗಿದ್ದಾರೆ ಮೇಡಂ," ಎಂದ ಅವನು. "ಎಬ್ಬಿಸಲಾ?"